ಗಂಜಿಯಿಲ್ಲದ ಪಟ: ‘ಚಿತ್ರದೀಪ’ ಮತ್ತು ಡಿಜಿಟಲ್ ಬಣ್ಣಗಾರಿಕೆ

ಅದ್ವೈತ ವೇದಾಂತದ ಪ್ರಕರಣಗ್ರಂಥಗಳಲ್ಲಿ, ಎಂದರೆ ಶಾಸ್ತ್ರದ ಒಂದು ಭಾಗವನ್ನಷ್ಟೇ ಆಯ್ದುಕೊಂಡು ಬಿಡಿಸಿ ಹೇಳುವ ಕೃತಿಗಳಲ್ಲಿ, ‘ಪಂಚದಶೀ’ಗೆ ದೊಡ್ಡ ಸ್ಥಾನವಿದೆ. 14ನೆಯ ಶತಮಾನದಲ್ಲಿ ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರ ಹೆಸರಿನಲ್ಲಿ ಅದು ಪ್ರಸಿದ್ಧವಾಗಿದ್ದರೂ, ಅದರ ಕೆಲವು ಅಧ್ಯಾಯಗಳು ಭಾರತೀತೀರ್ಥರವು ಎಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಅದರ 15 ಅಧ್ಯಾಯಗಳ ಪೈಕಿ ಆರನೆಯದಕ್ಕೆ ‘ಚಿತ್ರದೀಪ’ ಎಂಬ ಹೆಸರು ಬಂದಿರುವುದು ಅದರ ಆರಂಭದಲ್ಲಿಯೇ ಸಿಗುವ ಒಂದು ಉಪಮೆಯಿಂದ. ಬಟ್ಟೆಯ ಮೇಲೆ ಬರೆದ ಚಿತ್ರಕ್ಕೆ ನಾಲ್ಕು ಅವಸ್ಥೆಗಳಿವೆ: ಒಗೆದು ಬೆಳ್ಳಗಿರುವ ಬಟ್ಟೆ ‘ಧೌತ’, ಅನ್ನದ ಗಂಜಿ ಬಳಿದು ಗಡುಸಾದದ್ದು ‘ಘಟ್ಟಿತ’, ಮಸಿಯಿಂದ ಆಕಾರಗಳನ್ನು ಗುರುತಿಸಿದ್ದು ‘ಲಾಂಛಿತ’, ಬಣ್ಣ ತುಂಬಿದ್ದು ‘ರಂಜಿತ’. ಹಾಗೆಯೇ ಪರಮಾತ್ಮನೂ ತನ್ನಷ್ಟಕ್ಕೆ ಶುದ್ಧ ಚೈತನ್ಯ, ಮಾಯೆಯೊಡನೆ ಅಂತರ್ಯಾಮಿ, ಸೂಕ್ಷ್ಮಸೃಷ್ಟಿಯೊಡನೆ ಸೂತ್ರಾತ್ಮ, ಸ್ಥೂಲಸೃಷ್ಟಿಯೊಡನೆ ವಿರಾಟ್ ಎನಿಸಿಕೊಳ್ಳುತ್ತಾನೆ; ಬ್ರಹ್ಮನಿಂದ ಹುಲ್ಲುಕಡ್ಡಿಯವರೆಗಿನ ಎಲ್ಲವೂ ಆ ಚೈತನ್ಯದ ಮೇಲೆ ಪಟದ ಚಿತ್ರದಂತೆ ಮೇಲುಕೀಳಾಗಿ ನಿಂತಿವೆ ಎಂಬುದು ಗ್ರಂಥದ ನಿಲುವು.

ಈ ಉಪಮೆಯನ್ನು ವಿವರಿಸುವವರು ಹೆಚ್ಚಾಗಿ ಬಟ್ಟೆಯನ್ನು ಬೇಗನೆ ಕೆಳಗಿಟ್ಟು ಬ್ರಹ್ಮದ ಕಡೆಗೆ ನಡೆದುಬಿಡುತ್ತಾರೆ. ಆದರೆ ಗಂಜಿಯ ಮಾತನ್ನು ಮರೆಯದೆ ಹೇಳುವ ದಾರ್ಶನಿಕ ಚಿತ್ರಗಾರರ ಕೆಲಸವನ್ನು ಹತ್ತಿರದಿಂದ ಬಲ್ಲವನಾಗಿರಬೇಕು. ಗಂಜಿ ಹಾಕದ ಬಟ್ಟೆಯಲ್ಲಿ ಮಸಿ ಹರಡಿಕೊಳ್ಳುತ್ತದೆ ಎಂಬುದು ಕೈಕೆಲಸದ ಅರಿವೇ ಹೊರತು ತರ್ಕದಿಂದ ಬರುವಂಥದ್ದಲ್ಲ. ಉಪಮೆಯ ಬಲವಿರುವುದು ಆ ಕೆಲಸದಲ್ಲಿ ಎಂದಾದರೆ, ಕೆಲಸದ ರೀತಿಯೇ ಬದಲಾದಾಗ, ಚಿತ್ರ ಬಟ್ಟೆಯಿಂದ ಕಂಪ್ಯೂಟರಿನ ಪರದೆಗೆ ಬಂದಾಗ, ಅದರ ಗತಿಯೇನು ಎಂದು ಕೇಳುವುದು ಅಧಿಕಪ್ರಸಂಗವಾಗಲಾರದು. ಕಲ್ಪಿತ ಯೋಧನೊಬ್ಬನ ರೇಖಾಚಿತ್ರಕ್ಕೆ ಡಿಜಿಟಲ್ ಬಣ್ಣ ಹಾಕಲು ಕಲಿಯುವ ವಿದ್ಯಾರ್ಥಿಯ ಅಭ್ಯಾಸ ಈ ಪರೀಕ್ಷೆಗೆ ತಕ್ಕ ಸಾಮಗ್ರಿ. ಕೊಂಬಿನ ಶಿರಸ್ತ್ರಾಣ, ಭುಜದ ಮೇಲೆ ಉಕ್ಕಿನ ಕವಚ, ಬೆನ್ನ ಹಿಂದೆ ಹಾರುವ ಕೆಂಪು ಮೇಲಂಗಿ, ಕೈಯಲ್ಲಿ ಬಾಗಿದ ಕತ್ತಿ: ಇಂಥ ಯೋಧ ಎಲ್ಲಿಯೂ ಹುಟ್ಟಿಲ್ಲ, ಆದರೂ ಅವನಿಗೆ ಹಾಕಿದ ಬಣ್ಣ ತಪ್ಪಾದರೆ ನೋಡಿದವರಿಗೆ ಕೂಡಲೇ ಗೊತ್ತಾಗುತ್ತದೆ. ಇಲ್ಲದವನ ಬಣ್ಣ ತಪ್ಪಾಗುವುದು ಹೇಗೆ ಎಂಬ ಪ್ರಶ್ನೆ ವೇದಾಂತಿಗೆ ಹೊಸದಲ್ಲ.

ಫೋಟೋಶಾಪ್ ಅಥವಾ ಉಚಿತವಾಗಿ ದೊರೆಯುವ ಕ್ರಿಟಾದಂಥ ತಂತ್ರಾಂಶದಲ್ಲಿ ಕೆಲಸ ನಡೆಯುವುದು ಪದರಗಳಲ್ಲಿ. ಪದರ ಅಥವಾ ಲೇಯರ್ ಎಂದರೆ ಒಂದರ ಮೇಲೊಂದು ಹಾಸಿದ ಗಾಜಿನ ಹಾಳೆಗಳಂಥ ವ್ಯವಸ್ಥೆ. ಒಂದರಲ್ಲಿ ಬರೆದದ್ದು ಇನ್ನೊಂದನ್ನು ಕೆಡಿಸುವುದಿಲ್ಲ. ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವಾಗ ಪ್ರತಿ ಬಿಂದುವಿನ ಪಾರದರ್ಶಕತೆಯನ್ನು ಲೆಕ್ಕಹಾಕುವ ಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಕ್ರಮಬದ್ಧವಾಗಿ ಮಂಡಿಸಿದರು. ಫೋಟೋಶಾಪಿಗೆ ಪದರಗಳು ಬಂದದ್ದು 1994ರಲ್ಲಿ. ವಿದ್ಯಾರ್ಥಿ ಮೊದಲು ರೇಖೆಗಳ ಪದರವನ್ನು ಎಲ್ಲಕ್ಕಿಂತ ಮೇಲಿಟ್ಟು, ಅದರ ಕೆಳಗೆ ಮೈಬಣ್ಣ, ಮೇಲಂಗಿ, ಲೋಹ, ತೊಗಲು ಎಂದು ಒಂದೊಂದು ಭಾಗಕ್ಕೂ ಏರುಪೇರಿಲ್ಲದ ಒಂದೇ ಬಣ್ಣವನ್ನು ತುಂಬುತ್ತಾನೆ; ಇದಕ್ಕೆ ಬಣ್ಣಗಾರರು ಫ್ಲ್ಯಾಟ್ಸ್ ಎನ್ನುತ್ತಾರೆ. ಅದರ ಮೇಲೆ ನೆರಳಿನ ಪದರ, ಹೊಳಪಿನ ಪದರ. ವಿದ್ಯಾರಣ್ಯರ ಕ್ರಮ ಇಲ್ಲಿ ತಲೆಕೆಳಗಾಗಿರುವುದನ್ನು ಗಮನಿಸಬೇಕು: ಅಲ್ಲಿ ಲಾಂಛಿತದ ಮೇಲೆ ರಂಜಿತ, ಇಲ್ಲಿ ಬಣ್ಣದ ಮೇಲೆ ರೇಖೆ. ಆದರೂ ಇದು ಸಣ್ಣ ವ್ಯತ್ಯಾಸ. ದೊಡ್ಡದು ಇರುವುದು ತಳದಲ್ಲಿ.

ಎಲ್ಲ ಪದರಗಳನ್ನೂ ಖಾಲಿ ಮಾಡಿದರೆ ಪರದೆಯ ಮೇಲೆ ಉಳಿಯುವುದು ಬಿಳಿಯ ಬಟ್ಟೆಯಲ್ಲ, ಬೂದು ಮತ್ತು ಬಿಳಿಯ ಸಣ್ಣ ಚೌಕಗಳ ಚದುರಂಗದ ಹಾಸು. ‘ಇಲ್ಲಿ ಏನೂ ಇಲ್ಲ’ ಎಂಬುದನ್ನು ತೋರಿಸಲು ತಂತ್ರಾಂಶ ಬಳಸುವ ಗುರುತು ಅದು. ಶೂನ್ಯವನ್ನು ತೋರಿಸುವುದಕ್ಕೂ ಒಂದು ಚಿತ್ರವೇ ಬೇಕಾಯಿತು ಎಂಬುದನ್ನು, ಸರ್ವವೂ ನಿರಾಧಾರ ಎನ್ನುವ ಮತವನ್ನು ಖಂಡಿಸುವ ಅದ್ವೈತಿ ಸಂತೋಷದಿಂದ ಎತ್ತಿಕೊಳ್ಳಬಹುದು. ಅಧಿಷ್ಠಾನವಿಲ್ಲದೆ, ಎಂದರೆ ಆಧಾರವಾಗಿ ನಿಲ್ಲುವ ವಸ್ತುವಿಲ್ಲದೆ, ಯಾವ ತೋರಿಕೆಯೂ ಇಲ್ಲವೆಂಬುದು ಅವನ ಮೂಲವಾದ. ಹಾಗಾದರೆ ಈ ಚಿತ್ರದ ಧೌತಪಟ ಯಾವುದು? ಚೌಕಗಳೂ ಯಾವುದೋ ಒಂದರ ಮೇಲೆ ಬರೆದವೇ. ಸಾಮಾನ್ಯ ಎಲ್‌ಸಿಡಿ ಪರದೆಯಲ್ಲಿ ಉತ್ತರ ಸ್ಪಷ್ಟವಾಗಿದೆ. ಪರದೆಯ ಹಿಂಬದಿಯಲ್ಲಿ ಬಿಳಿಯ ದೀಪವೊಂದು ಒಂದೇ ಸಮನೆ ಉರಿಯುತ್ತಿರುತ್ತದೆ. ಮುಂದಿರುವ ದ್ರವಸ್ಫಟಿಕದ ಹಾಳೆಯೂ ಕೆಂಪು, ಹಸಿರು, ನೀಲಿ ಶೋಧಕಗಳೂ ಆ ಬೆಳಕನ್ನು ಎಲ್ಲಿ ಎಷ್ಟು ಬಿಡಬೇಕು, ಎಷ್ಟು ತಡೆಯಬೇಕು ಎಂಬುದನ್ನಷ್ಟೇ ನಿರ್ಧರಿಸುತ್ತವೆ. ಯೋಧನ ಮೇಲಂಗಿ ಕೆಂಪಾಗಿ ಕಾಣುವುದು ಅಲ್ಲಿ ಕೆಂಪನ್ನು ಬಳಿದಿರುವುದರಿಂದಲ್ಲ, ಆ ಜಾಗದಲ್ಲಿ ಹಸಿರು ಮತ್ತು ನೀಲಿಯ ಪಾಲನ್ನು ತಡೆದಿರುವುದರಿಂದ. ಅವನ ಕಣ್ಣಿನ ಕಪ್ಪು ಬೊಟ್ಟೆಂದರೆ ದೀಪವನ್ನು ಹೆಚ್ಚುಕಡಿಮೆ ಪೂರ್ತಿ ಮರೆಮಾಡಿದ ಜಾಗ.

ಹೀಗೆ ಬಟ್ಟೆಯ ಸ್ಥಾನಕ್ಕೆ ದೀಪ ಬಂದಿದೆ, ಮತ್ತು ದೀಪವೂ ‘ಪಂಚದಶೀ’ಯಲ್ಲಿ ಅಪರಿಚಿತವಲ್ಲ. ಹತ್ತನೆಯ ಅಧ್ಯಾಯವಾದ ‘ನಾಟಕದೀಪ’ದಲ್ಲಿ ನೃತ್ಯಶಾಲೆಯ ದೀಪವೊಂದು ಪ್ರಭುವನ್ನೂ ಸಭಿಕರನ್ನೂ ನರ್ತಕಿಯನ್ನೂ ಭೇದವಿಲ್ಲದೆ ಬೆಳಗಿ, ಅವರೆಲ್ಲ ಎದ್ದುಹೋದ ಮೇಲೂ ತಾನು ಬೆಳಗುತ್ತಲೇ ಇರುತ್ತದೆ; ಸಾಕ್ಷಿಚೈತನ್ಯಕ್ಕೆ, ಎಂದರೆ ಯಾವುದರಲ್ಲಿಯೂ ತೊಡಗದೆ ಎಲ್ಲವನ್ನೂ ಅರಿಯುವ ಅರಿವಿಗೆ, ಅದು ದೃಷ್ಟಾಂತ. ವಿದ್ಯಾರಣ್ಯರಿಗೆ ಆಧಾರವನ್ನು ಹೇಳಲು ಒಂದು ಉಪಮೆ, ಪ್ರಕಾಶವನ್ನು ಹೇಳಲು ಇನ್ನೊಂದು ಬೇಕಾಗಿತ್ತು, ಏಕೆಂದರೆ ಬಟ್ಟೆ ತಾನಾಗಿ ಬೆಳಗುವುದಿಲ್ಲ, ನೃತ್ಯಶಾಲೆಯ ದೀಪ ನರ್ತಕಿಗೆ ಆಧಾರವಾಗುವುದಿಲ್ಲ. ಎಲ್‌ಸಿಡಿ ಪರದೆಯಲ್ಲಿ ಆಧಾರವೂ ಬೆಳಕೂ ಒಂದೇ ಆಗಿವೆ. ಅದ್ವೈತದ ಸಿದ್ಧಾಂತಕ್ಕೆ ಈ ಉಪಮೆ ಪಟಕ್ಕಿಂತ ಹೆಚ್ಚು ನಿಷ್ಠವಾಗಿದೆ ಎಂದೇ ಹೇಳಬೇಕಾಗುತ್ತದೆ. (ಒಎಲ್‌ಇಡಿ ಪರದೆಯ ಮಾತು ಬೇರೆ: ಅಲ್ಲಿ ಹಿಂಬದಿಯ ದೀಪವಿಲ್ಲ, ಒಂದೊಂದು ಬಿಂದುವೂ ತನ್ನದೇ ಬೆಳಕನ್ನು ಹೊಮ್ಮಿಸುತ್ತದೆ, ಆದರೆ ವಿದ್ಯುತ್ತು ನಿಂತರೆ ಒಂದೂ ಬೆಳಗದು. ಜೀವರು ಪರಸ್ಪರ ಭಿನ್ನರು, ಆದರೂ ಅಸ್ವತಂತ್ರರು ಎನ್ನುವ ಮಾಧ್ವರಿಗೆ ಆ ಪರದೆಯೇ ಇಷ್ಟವಾದೀತು.)

‘ಚಿತ್ರದೀಪ’ದ ನಿಜವಾದ ಸೂಕ್ಷ್ಮ ನಾಲ್ಕು ಅವಸ್ಥೆಗಳಲ್ಲಿ ಅಲ್ಲ, ಅದರ ಮುಂದಿನ ಹೆಜ್ಜೆಯಲ್ಲಿದೆ. ಚಿತ್ರದೊಳಗಿನ ಮನುಷ್ಯರೂ ಬಟ್ಟೆ ಉಟ್ಟಿರುತ್ತಾರೆ. ಆ ಬರೆದ ಬಟ್ಟೆ, ವಸ್ತ್ರಾಭಾಸ, ಆಧಾರವಾದ ನಿಜವಾದ ಬಟ್ಟೆಯಂತೆಯೇ ತೋರುತ್ತದೆ. ಒಬ್ಬೊಬ್ಬ ಜೀವನಲ್ಲಿ ತೋರುವ ಚೈತನ್ಯದ ಹೊಳಹು, ಚಿದಾಭಾಸ, ಇಂಥದ್ದು. ಬರೆದ ಬಟ್ಟೆಯ ಬಣ್ಣಗಳನ್ನು ಆಧಾರದ ಬಟ್ಟೆಗೇ ಅಂಟಿದವೆಂದು ತಿಳಿಯದವರು ಹೇಳುವ ಹಾಗೆ, ಜೀವನ ಸಂಸಾರವನ್ನು ಶುದ್ಧ ಚೈತನ್ಯಕ್ಕೆ ಹಚ್ಚುತ್ತಾರೆ. ಚಿತ್ರದ ಬೆಟ್ಟಗಳಿಗೆ ಯಾರೂ ಬಟ್ಟೆ ಉಡಿಸಿ ಬರೆಯುವುದಿಲ್ಲವಾದ್ದರಿಂದ ಮಣ್ಣು ಮೊದಲಾದ ಜಡವಸ್ತುಗಳಲ್ಲಿ ಚಿದಾಭಾಸವಿಲ್ಲ ಎಂಬಲ್ಲಿಯವರೆಗೆ ಉಪಮೆ ಸಾಗುತ್ತದೆ.

ಯೋಧನ ಮೇಲಂಗಿ ಇಂಥ ಒಂದು ವಸ್ತ್ರಾಭಾಸ, ಮತ್ತು ಹೊಸದಾಗಿ ಕಲಿಯುವವನು ಮಾಡುವ ತಪ್ಪೂ ಹೆಚ್ಚುಕಡಿಮೆ ವಿದ್ಯಾರಣ್ಯರು ಗುರುತಿಸಿದ ತಪ್ಪೇ. ಕೆಂಪು ಮೇಲಂಗಿಯದೇ ಗುಣವೆಂದು ನಂಬಿ, ಮಡಿಕೆಗಳಲ್ಲಿ ನೆರಳು ತೋರಿಸಲು ಅದೇ ಕೆಂಪಿಗೆ ಕಪ್ಪು ಬೆರೆಸುತ್ತಾನೆ. ಬಟ್ಟೆಗೆ ಮಸಿ ಹತ್ತಿದ ಹಾಗೆ ಕಾಣುತ್ತದೆ. ಇನ್ನೂ ಸಾಮಾನ್ಯವಾದದ್ದು ಪಿಲ್ಲೋ ಶೇಡಿಂಗ್ ಎಂಬ ದೋಷ: ಪ್ರತಿಯೊಂದು ಭಾಗದ ಅಂಚಿನ ಸುತ್ತ ನೆರಳು, ನಡುವೆ ಬೆಳಕು ಹಾಕಿದಾಗ ತೋಳು, ಎದೆ, ಮಂಡಿ ಎಲ್ಲವೂ ದಿಂಬಿನಂತೆ ಉಬ್ಬಿ, ಒಂದೊಂದಕ್ಕೂ ಬೇರೆ ಬೇರೆ ದೀಪ ಹಿಡಿದಂತಾಗುತ್ತದೆ. ತಿದ್ದುವ ದಾರಿ ಒಂದೇ: ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಮೊದಲು ನಿಶ್ಚಯಿಸಿಕೊಂಡು, ನೆರಳನ್ನು ಬೇರೆ ಪದರದಲ್ಲಿ ಬರೆದು, ಆ ಪದರವನ್ನು ಮಲ್ಟಿಪ್ಲೈ ಎಂಬ ರೀತಿಯಲ್ಲಿ ಕೆಳಗಿನ ಬಣ್ಣದೊಡನೆ ಕೂಡಿಸುವುದು. ಹೆಸರೇ ಹೇಳುವಂತೆ ಇದು ಗುಣಾಕಾರ. ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು 0ಯಿಂದ 255ರವರೆಗೆ ಅಳೆಯುವ ಪದ್ಧತಿಯಲ್ಲಿ ಮೇಲಂಗಿ 200, 50, 40 ಇದ್ದು ನೆರಳಿನ ಮಂಕು ನೇರಳೆ 150, 140, 190 ಇದ್ದರೆ, ಆಯಾ ಅಂಕಿಗಳನ್ನು ಗುಣಿಸಿ 255ರಿಂದ ಭಾಗಿಸಿದಾಗ 118, 27, 30 ಬರುತ್ತದೆ: ಕೆಂಪು ಅಲ್ಲಿಯೇ ಇದೆ, ಆದರೆ ಆ ಹೊತ್ತಿನ ಬೆಳಕು ಅದರೊಳಗೆ ಇಳಿದಿದೆ. ಬಿಳಿಯಿಂದ ಗುಣಿಸಿದರೆ ಯಾವ ಬಣ್ಣವೂ ಬದಲಾಗುವುದಿಲ್ಲ ಎಂಬುದೂ ಈ ಗಣಿತದಿಂದಲೇ ತಿಳಿಯುತ್ತದೆ.

ಕವಚದ ಹತ್ತಿರ ಬಂದಾಗ ಪಾಠ ಇನ್ನಷ್ಟು ಕಠಿಣವಾಗುತ್ತದೆ. ಉಕ್ಕು ಬೂದು ಎಂದು ತಿಳಿದು ಬೂದು ತುಂಬಿದರೆ ಯೋಧ ಸಿಮೆಂಟಿನ ಅಂಗಿ ತೊಟ್ಟವನಂತೆ ಕಾಣುತ್ತಾನೆ. ಉಜ್ಜಿ ನಯಗೊಳಿಸಿದ ಉಕ್ಕಿಗೆ ಸ್ವಂತ ಬಣ್ಣವೆಂಬುದು ತೀರ ಕಡಿಮೆ; ಭುಜದ ಮೇಲ್ಭಾಗ ಆಕಾಶದ ನೀಲಿಯನ್ನೂ, ಕೆಳಭಾಗ ನೆಲದ ಕಂದನ್ನೂ, ಹಿಂಬದಿ ಮೇಲಂಗಿಯ ಕೆಂಪನ್ನೂ ಹೊರಬೇಕು. ವೇದಾಂತದಲ್ಲಿ ಹಳೆಯದಾದ ಸ್ಫಟಿಕ ಮತ್ತು ದಾಸವಾಳದ ದೃಷ್ಟಾಂತ ಇದನ್ನೇ ಹೇಳುತ್ತದೆ: ಹೂವಿನ ಪಕ್ಕದಲ್ಲಿಟ್ಟ ಸ್ಫಟಿಕ ಕೆಂಪಾಗಿ ತೋರುವುದು ಉಪಾಧಿಯಿಂದ, ಎಂದರೆ ಬಳಿಯಲ್ಲಿದ್ದು ತನ್ನ ಗುಣವನ್ನು ಇನ್ನೊಂದರ ಮೇಲೆ ತೋರುವಂತೆ ಮಾಡುವ ವಸ್ತುವಿನಿಂದ. ಆದರೆ ಇಬ್ಬರ ಕೆಲಸ ಎದುರುಬದುರು ದಿಕ್ಕಿನದು. ಸ್ಫಟಿಕ ಕೆಂಪಲ್ಲವೆಂದು ತಿಳಿಯುವುದು ವೇದಾಂತಿಯ ಗುರಿ. ಕೆಂಪನ್ನು ತಂದಿಟ್ಟು ನೋಡುವವನಿಗೆ ಉಕ್ಕನ್ನು ಮನಗಾಣಿಸುವುದು ಬಣ್ಣಗಾರನ ಗುರಿ. ಅಧ್ಯಾಸವನ್ನು, ಒಂದರ ಧರ್ಮವನ್ನು ಇನ್ನೊಂದರ ಮೇಲೆ ಹೊರಿಸುವುದನ್ನು, ಒಬ್ಬ ಬಿಚ್ಚುತ್ತಾನೆ, ಇನ್ನೊಬ್ಬ ತಿಳಿದೇ ಕಟ್ಟುತ್ತಾನೆ.

ಇಲ್ಲದ ಯೋಧನ ಬಣ್ಣ ತಪ್ಪಾಗುವುದು ಹೇಗೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಸಿಗುತ್ತದೆ. ಶಂಕರರು ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿ ಅಧ್ಯಾಸಕ್ಕೆ ಕೊಡುವ ಲಕ್ಷಣದಂತೆ, ಹಿಂದೆ ಎಲ್ಲಿಯೋ ಕಂಡದ್ದು ನೆನಪಿನ ರೂಪದಲ್ಲಿ ಬೇರೊಂದು ಕಡೆ ತೋರುವುದೇ ಅಧ್ಯಾಸ. ಎಂದೂ ಕಾಣದ್ದು ಭ್ರಮೆಯಾಗಿಯೂ ತೋರಲಾರದು. ಯೋಧ ಕಲ್ಪಿತನಾದರೂ ಅವನ ಉಕ್ಕು, ತೊಗಲು, ಸಂಜೆಯ ಬೆಳಕು ಕಂಡವೇ, ಆದ್ದರಿಂದ ತಪ್ಪು ಯೋಧನ ವಿಷಯದಲ್ಲಿ ಆಗುವುದಲ್ಲ, ಕಂಡದ್ದರ ವಿಷಯದಲ್ಲಿ ಆಗುವುದು. ಹಾಗಾಗಿ ಅವನು ಮೊಲದ ಕೊಂಬಿನಂತೆ ಅಸತ್ತೂ ಅಲ್ಲ, ಪರದೆಯ ಬೆಳಕಿನಷ್ಟು ಸತ್ತೂ ಅಲ್ಲ. ಈ ಎರಡರಲ್ಲೂ ಸೇರದ್ದನ್ನು ಅದ್ವೈತ ಮಿಥ್ಯೆ ಎನ್ನುತ್ತದೆ, ಸುಳ್ಳು ಎಂಬ ಆಡುಮಾತಿನ ಅರ್ಥದಲ್ಲಿ ಅಲ್ಲ.

ಉಪಮೆ ಎಡವುವ ಜಾಗವೊಂದಿದೆ. ನಾಲ್ಕು ಅವಸ್ಥೆಗಳಲ್ಲಿ ಚಿತ್ರಗಾರನಿಗೆ ಎಲ್ಲಿಯೂ ಸ್ಥಳವಿಲ್ಲ. ಬಟ್ಟೆ ತಾನೇ ಒಗೆದುಕೊಂಡು, ಗಂಜಿ ಕುಡಿದು, ಬಣ್ಣ ತಳೆದಂತೆ ಮಾತು ಸಾಗುತ್ತದೆ. ಬ್ರಹ್ಮವೇ ಉಪಾದಾನವೂ ನಿಮಿತ್ತವೂ, ಎಂದರೆ ಜಗತ್ತಿಗೆ ಸಾಮಗ್ರಿಯೂ ಕರ್ತೃವೂ ಆಗಿರುವುದರಿಂದ ಹೊರಗಿನ ಚಿತ್ರಗಾರ ಬೇಕಿಲ್ಲ ಎಂದು ಸಮರ್ಥಿಸಬಹುದಾದರೂ, ಹಾಗೆ ಸಮರ್ಥಿಸಿದಾಗ ಉಪಮೆಯ ಬಟ್ಟೆ ಬಟ್ಟೆಯಾಗಿ ಉಳಿಯುವುದಿಲ್ಲ. ದೀಪದ ಪರದೆಯೂ ಈ ತೊಡಕನ್ನು ಬಿಡಿಸುವುದಿಲ್ಲ. ಸ್ಟೈಲಸ್ ಹಿಡಿದು ಮೂರು ಗಂಟೆ ಬೆನ್ನು ಬಗ್ಗಿಸಿ ಕುಳಿತವನನ್ನು ಪರದೆಯ ಹಿಂದಿನ ದೀಪದೊಳಗೆ ಸೇರಿಸುವುದು ಯಾವ ವ್ಯಾಖ್ಯಾನಕಾರನಿಗೂ ಸುಲಭವಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿಯಲ್ಲಿ ವಿದ್ಯಾರಣ್ಯರು ಪಲ್ಲಕ್ಕಿಯಲ್ಲಿ ಸಾಗುವ ಮೆರವಣಿಗೆಯನ್ನು ಬಿಡಿಸಿದ್ದಾರೆ. ಅಲ್ಲಿಯೂ ಯತಿಗಳಿದ್ದಾರೆ, ಬಿಡಿಸಿದವರು ಕಾಣುವುದಿಲ್ಲ.

ತಂತ್ರಾಂಶದಲ್ಲಿ ಪ್ರತಿ ಪದರದ ಪಕ್ಕಕ್ಕೂ ಕಣ್ಣಿನ ಚಿಕ್ಕ ಗುರುತೊಂದಿರುತ್ತದೆ. ಅದನ್ನು ಒತ್ತಿದರೆ ಪದರ ಮರೆಯಾಗುತ್ತದೆ, ಮತ್ತೆ ಒತ್ತಿದರೆ ಮರಳುತ್ತದೆ. ನೆರಳನ್ನು ಮರೆಮಾಡಿದಾಗ ಯೋಧ ಚಪ್ಪಟೆಯಾಗುತ್ತಾನೆ, ಬಣ್ಣವನ್ನು ಮರೆಮಾಡಿದಾಗ ಬರಿಯ ಗೆರೆಯಾಗುತ್ತಾನೆ, ಗೆರೆಯನ್ನೂ ಮರೆಮಾಡಿದಾಗ ಚೌಕಗಳು ಉಳಿಯುತ್ತವೆ. ಜಗತ್ತಿನ ಬಾಧೆ, ಎಂದರೆ ಜ್ಞಾನದಿಂದಾಗುವ ನಿರಾಕರಣೆ, ಇಂಥದ್ದೇ ಎಂದು ಯಾರಾದರೂ ಭಾವಿಸಿಯಾರೆಂದು ‘ಚಿತ್ರದೀಪ’ ಮೊದಲೇ ಎಚ್ಚರಿಸುತ್ತದೆ: ಕಾಣದಿರುವುದು ಬಾಧೆಯಲ್ಲ, ಮಿಥ್ಯೆಯೆಂಬ ನಿಶ್ಚಯವೇ ಬಾಧೆ, ಕಾಣದಿದ್ದರೆ ಸಾಕು ಎನ್ನುವುದಾದರೆ ಗಾಢನಿದ್ರೆಯಲ್ಲಿಯೂ ಮೂರ್ಛೆಯಲ್ಲಿಯೂ ಪ್ರಯತ್ನವಿಲ್ಲದೆ ಎಲ್ಲರೂ ಮುಕ್ತರಾಗಬೇಕಾಗಿತ್ತು. ಕಣ್ಣಿನ ಗುರುತನ್ನು ಒತ್ತುವುದು ಆ ನಿದ್ರೆಯ ಬಗೆಯದು. ಕೆಲಸ ಕಲಿತವನು ಅದನ್ನು ಒತ್ತುವುದು ಕ್ರಮೇಣ ಕಡಿಮೆಯಾಗುತ್ತದೆ. ಎಲ್ಲ ಪದರಗಳೂ ತೆರೆದಿರುವಾಗಲೇ, ಭುಜದ ಕವಚದ ಮೇಲೆ ಹೊಳೆಯುವ ಆ ಒಂದು ಬಿಳಿಯ ಚುಕ್ಕೆ ಉಕ್ಕಿನದೂ ಅಲ್ಲ, ಬಣ್ಣದ್ದೂ ಅಲ್ಲ, ಶೋಧಕಗಳು ತಡೆಯದೆ ಬಿಟ್ಟ ಹಿಂದಿನ ದೀಪದ್ದು ಎಂದು ಅವನಿಗೆ ಗೊತ್ತಿರುತ್ತದೆ, ಮತ್ತು ಉಕ್ಕು ಆಗಲೂ ಮಿರುಗುತ್ತಲೇ ಇರುತ್ತದೆ.