ನೀವ್ ಹೆಂಗ್ ಹೇಳ್ತೀರೋ ಹಂಗೆ

ಮಂಡ್ಯ ಮದ್ದೂರಿನ ನಡುವಿನ ಹನಕೆರೆಯಂಥ ಊರಿನಲ್ಲಿ ಡಾಕ್ಟರ ಮುಂದೆ ಕೂತ ರೈತನ ಬಾಯಲ್ಲಿ ಮೊದಲು ಬರುವ ಮಾತು, ‘ನೀವ್ ಹೆಂಗ್ ಹೇಳ್ತೀರೋ ಹಂಗೆ ಸ್ವಾಮಿ.’ ನಂಬಿಕೆಯಿಂದ, ಮರ್ಯಾದೆಯಿಂದ ಬರುವ ಮಾತದು. ಜ್ವರಕ್ಕೋ ಸಕ್ಕರೆ ಕಾಯಿಲೆಗೋ ಅಷ್ಟು ಸಾಕಾದೀತು. ಆದರೆ ರಕ್ತದಲ್ಲಿ ಹೆಪಟೈಟಿಸ್ ಸಿ ಇದೆ ಎಂದು ಗೊತ್ತಾಗಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ‘ಹೊಸ ಔಷಧಿಯ ಪ್ರಯೋಗ ನಡೀತಿದೆ, ಸೇರ್ಕೊಳ್ತೀರಾ?’ ಎಂದು ಕೇಳಿದಾಗ ಅದು ಸಾಲದು.

ಸಾಮಾನ್ಯ ಚಿಕಿತ್ಸೆಯಲ್ಲಿ ಡಾಕ್ಟರಿಗೆ ನೀವು ಗುಣವಾದರೆ ಸಾಕು. ಪ್ರಯೋಗದಲ್ಲಿ ಅದರ ಜೊತೆಗೆ ಒಂದು ಪ್ರಶ್ನೆಗೆ ಉತ್ತರವೂ ಸಿಗಬೇಕು. ಯಾರಿಗೆ ಯಾವ ಔಷಧಿ ಎಂಬುದನ್ನು ಎಷ್ಟೋ ಸಲ ಚೀಟಿ ಎತ್ತಿದ ಹಾಗೆ ಕಂಪ್ಯೂಟರು ತೀರ್ಮಾನಿಸುತ್ತದೆ. ಕೆಲವು ಪ್ರಯೋಗಗಳಲ್ಲಿ ಡಾಕ್ಟರಿಗೂ ಅದು ತಿಳಿದಿರುವುದಿಲ್ಲ. ಇದರಲ್ಲಿ ಮೋಸವಿಲ್ಲ, ಪ್ರಯೋಗ ನಡೆಯುವುದೇ ಹೀಗೆ. ಸೇರುವವರಿಗೆ ಮಾತ್ರ ಇದು ಮೊದಲೇ ಗೊತ್ತಿರಬೇಕು.

ಹೆಪಟೈಟಿಸ್ ಸಿ ವೈರಸ್ಸು ಪತ್ತೆಯಾದದ್ದು 1989ರಲ್ಲಿ. ನಮ್ಮ ರಕ್ತನಿಧಿಗಳಲ್ಲಿ ಇದರ ಪರೀಕ್ಷೆ ಕಡ್ಡಾಯವಾದದ್ದು 2000ದ ದಶಕದ ಆರಂಭದಲ್ಲಿ. ಅದಕ್ಕೂ ಮುಂಚೆ ಹೆರಿಗೆಯಲ್ಲೋ ಅಪಘಾತದಲ್ಲೋ ರಕ್ತ ಹಾಕಿಸಿಕೊಂಡವರು, ಒಬ್ಬರಿಗೆ ಚುಚ್ಚಿದ ಸೂಜಿಯಿಂದಲೇ ಇಂಜೆಕ್ಷನ್ ತೆಗೆದುಕೊಂಡವರು, ಡಯಾಲಿಸಿಸ್‌ನಲ್ಲಿರುವವರು ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ವರ್ಷಗಟ್ಟಲೆ ಸುಳಿವೇ ಕೊಡದೆ ಇದು ಲಿವರನ್ನು ಹಾಳುಮಾಡುತ್ತದೆ. ಕಾಮಾಲೆ ಎಂದುಕೊಂಡು ನಾಟಿ ಮದ್ದು ಕುಡಿಯುತ್ತಾ ಕೂತರೆ ಚಿಕಿತ್ಸೆಯ ಕಾಲ ಕಳೆದುಹೋಗುತ್ತದೆ.

ಪ್ರಯೋಗಕ್ಕೆ ಸೇರಬೇಕೇ ಬೇಡವೇ ಎಂಬುದಕ್ಕೆ ಹದಿನೈದು ವರ್ಷದ ಹಿಂದೆ ಇದ್ದ ಉತ್ತರ ಈಗಿಲ್ಲ. ಆಗ ಇದ್ದದ್ದು ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ರಿಬಾವಿರಿನ್ ಮಾತ್ರೆ. 48 ವಾರದವರೆಗೂ ಎಳೆಯುತ್ತಿದ್ದ ಚಿಕಿತ್ಸೆ ಅದು. ಜ್ವರ, ಸುಸ್ತು, ಮನಸ್ಸು ಕುಗ್ಗುವುದು, ಕೂದಲು ಉದುರುವುದು ಎಲ್ಲ ಸಹಿಸಿದರೂ ಗುಣವಾಗದವರು ಬಹಳ ಮಂದಿ. ಇಂಜೆಕ್ಷನ್ನಿಲ್ಲದ ಮಾತ್ರೆಯ ಪ್ರಯೋಗಕ್ಕೆ ಆಗ ಸೇರಿದವರದ್ದು ಸರಿಯಾದ ನಿರ್ಧಾರ ಎಂದೇ ನನ್ನ ಅನಿಸಿಕೆ. ಸೊಫೋಸ್‌ಬುವಿರ್ ಮಾತ್ರೆಯ ಪ್ರಯೋಗ 2014ರಲ್ಲಿ ಭಾರತದಲ್ಲೂ ನಡೆಯಿತು. 16 ವಾರ ಕೊಟ್ಟರೆ ಸಾಕೇ, 24 ವಾರ ಬೇಕೇ ಎಂದು ನೂರಕ್ಕೂ ಹೆಚ್ಚು ರೋಗಿಗಳಲ್ಲಿ ನೋಡಿದರು. ಅವರ ಹೆಸರು ನಮಗೆ ಗೊತ್ತಿಲ್ಲ, ಆದರೆ ಇವತ್ತು ಗುಣವಾಗುತ್ತಿರುವವರ ಮೇಲೆ ಅವರ ಋಣವಿದೆ. ಅಮೆರಿಕದಲ್ಲಿ ಒಂದಕ್ಕೆ ಸಾವಿರ ಡಾಲರ್ ಬೆಲೆಗೆ ಬಂದ ಆ ಮಾತ್ರೆಯನ್ನು ಮುಂದೆ ಬೆಂಗಳೂರಿನ ಸ್ಟ್ರೈಡ್ಸ್ ಸೇರಿದಂತೆ ನಮ್ಮ ಕಂಪನಿಗಳೇ ಪರವಾನಗಿ ಪಡೆದು ತಯಾರಿಸಿ, ಬೆಲೆ ಇಳಿಯಿತು.

2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈಗ ಪರೀಕ್ಷೆಯೂ ಔಷಧಿಯೂ ಉಚಿತ. ಲಿವರ್ ಗಟ್ಟಿಯಾಗದವರಿಗೆ ಸೊಫೋಸ್‌ಬುವಿರ್, ಡಕ್ಲಟಾಸ್ವಿರ್ ಮಾತ್ರೆ 12 ವಾರ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಹಾಗಾಗಿ ಪ್ರಯೋಗಕ್ಕೆ ಕರೆದವರನ್ನು ಮೊದಲು ಕೇಳಬೇಕಾದದ್ದು, ‘ಸರ್ಕಾರ ಕೊಡೋ ಮಾತ್ರೇಲಿ ನನಗೆ ವಾಸಿ ಆಗಲ್ವಾ?’ ಆಗುತ್ತದೆ ಎಂದರೆ, ಪರೀಕ್ಷೆಯಲ್ಲಿರುವ ಔಷಧಿಗೆ ಮೈಯೊಡ್ಡುವ ಅವಸರ ಬೇಡ. ಮೊದಲು ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ವಿಚಾರಿಸಿ. ಒಮ್ಮೆ ಮಾತ್ರೆ ಮುಗಿಸಿಯೂ ವೈರಸ್ಸು ಉಳಿದಿದ್ದರೆ, ಲಿವರ್ ತೀರಾ ಹದಗೆಟ್ಟಿದ್ದರೆ ಲೆಕ್ಕ ಬೇರೆ. ಅಂಥವರಿಗೆ ಒಳ್ಳೆಯ ಪ್ರಯೋಗವೊಂದು ದಾರಿಯಾಗಬಹುದು.

ಸೇರುವುದೇ ಆದರೆ ಒಪ್ಪಿಗೆ ಪತ್ರವನ್ನು ಸಾವಕಾಶವಾಗಿ ಓದಬೇಕು. ಅದರಲ್ಲಿ ನಿಮ್ಮ ಉದ್ಯೋಗ, ವಾರ್ಷಿಕ ಆದಾಯ, ಕೊನೆಗೆ ನಾಮಿನಿಯ ಹೆಸರು ಕೇಳಿರುತ್ತದೆ. ನಾಮಿನಿ ಎಂದ ಕೂಡಲೇ ಮನೆಯವರ ಎದೆ ಧಸಕ್ಕೆನ್ನುವುದು ಸಹಜ. ಪ್ರಯೋಗದಿಂದಲೇ ಜೀವ ಹೋದರೆ ಪರಿಹಾರ ಯಾರಿಗೆ ಸೇರಬೇಕು ಎಂಬುದಕ್ಕಾಗಿ ಇರುವ ಕಾಲಂ ಅದು. 2012ರಲ್ಲಿ ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಇಂಥ ನಿಯಮಗಳು ಬಿಗಿಯಾದವು. 2019ರ ನಿಯಮಗಳ ಪ್ರಕಾರ ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. ಓದು ಬಾರದವರಿಗೆ ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಇರಲೇಬೇಕು. ನಡುವೆ ಯಾವಾಗ ಬೇಕಾದರೂ ಬಿಡಬಹುದು. ಬಿಟ್ಟಿರೆಂದು ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಕಾನೂನು ಹೇಳದ ಕಷ್ಟಗಳೂ ಇವೆ. ಕಬ್ಬು ಕಡಿಯುವ ಹೊತ್ತಿನಲ್ಲೇ ರಕ್ತ ಕೊಡಲು ಬಾ ಎಂದರೆ? ಹನಕೆರೆಯಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವ ಖರ್ಚು, ಆ ದಿನದ ಕೂಲಿ ಯಾರ ತಲೆ ಮೇಲೆ? ರಾತ್ರಿ ಮೈಮೇಲೆ ದದ್ದು ಎದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಕೇಳಲು ಸಂಕೋಚ ಬೇಡ.

ಅಂದೇ ಸಹಿ ಹಾಕಬೇಡಿ. ಕನ್ನಡದ ಪ್ರತಿ ಕೇಳಿ ಪಡೆದು ಮನೆಗೆ ತನ್ನಿ. ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳ ಕೈಲಿ ಗಟ್ಟಿಯಾಗಿ ಓದಿಸಿ, ಅರ್ಥವಾಗದ್ದಕ್ಕೆ ಗೆರೆ ಎಳೆಸಿ, ಮತ್ತೆ ಹೋಗಿ ಕೇಳಿ. ಮನೆಗೆ ಒಯ್ಯಲು ಪ್ರತಿ ಕೊಡುವುದಿಲ್ಲ, ಈಗಲೇ ಹೇಳಿ ಎಂದರೆ, ಆ ಪ್ರಯೋಗಕ್ಕೆ ಸೇರಬೇಡಿ.