ತೋರಿಸಬಹುದಾದ ಗಾಯ

ಹೈದರಾಬಾದಿನ ಕೊಂಡಾಪುರದಲ್ಲಿ ಮನೆ ಮಾಡಿದ ಬೀದರದವರಿಗೆ ನೆಂಟರ ಕೊರತೆಯಿಲ್ಲ. 1956ರವರೆಗೆ ನಮ್ಮ ಜಿಲ್ಲೆಗೆ ಹೈದರಾಬಾದೇ ರಾಜಧಾನಿ. ರೋಗ ಬಂದಾಗ ಈಗಲೂ ಅದೇ ರಾಜಧಾನಿ. ಕಾಕಾ ಬಂದಿದ್ದೂ ಹಾಗೆಯೇ, “ಜರಾ ಹೊಟ್ಟಿ ನೋವದ” ಅಂತ.

ನೋವು ಹೊಟ್ಟೆಯದಾಗಿರಲಿಲ್ಲ, ತೊಡೆಸಂದಿನದು. ಹಮಾಲಿ ಮಾಡಿ ಚೀಲ ಹೊತ್ತ ಮೈ. ಹರ್ನಿಯಾ ಒಮ್ಮೆ ಕೊಯ್ಸಿ ಹೊಲಿಸಿಕೊಂಡಿದ್ದರು. ಮತ್ತೆ ಬಂದಾಗ ಯಾರಿಗೂ ಹೇಳದೆ ಲಂಗೋಟಿ ಬಿಗಿದುಕೊಂಡು ವರ್ಷಗಟ್ಟಲೆ ದುಡಿದರು. ನಮ್ಮಲ್ಲಿಗೆ ಬರುವ ಹೊತ್ತಿಗೆ ಕರುಳು ವೃಷಣದ ಚೀಲಕ್ಕೇ ಇಳಿದಿತ್ತು. ಗಂಡಸರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಆಯುಷ್ಯದಲ್ಲಿ ಒಮ್ಮೆ ಬರುವ ತೊಂದರೆ ಇದು. ಆದರೂ ಹೆಂಡತಿಗೆ ಹೇಳಲೂ ನಾಚಿಕೆ. ಕಾಕಾರ ಹರ್ನಿಯಾ ಕಷ್ಟದ್ದಾಗಲು ಆ ನಾಚಿಕೆಯ ಪಾಲೂ ಸಾಕಷ್ಟಿತ್ತು.

ಹೀಗೆ ಹೊಲಿದ ಮೇಲೆ ಮರಳಿ ಬಂದ ಹರ್ನಿಯಾದಲ್ಲಿ ಮುಂಭಾಗದ ಹಳೆಯ ಗಾಯ ಗಟ್ಟಿಯಾಗಿರುತ್ತದೆ. ನರಗಳು, ವೀರ್ಯನಾಳ, ವೃಷಣದ ರಕ್ತನಾಳ ಎಲ್ಲ ಅದರಲ್ಲಿ ಸಿಕ್ಕಿಕೊಂಡಿರುತ್ತವೆ. ಅಲ್ಲೇ ಮತ್ತೆ ಕೊಯ್ಯುವ ಬದಲು ಹಿಂದಿನಿಂದ, ಯಾರೂ ಮುಟ್ಟದ ಪದರದಲ್ಲಿ ಹೋಗುವುದು ಲೇಸು. ಅದಕ್ಕೇ ಲ್ಯಾಪರೊಸ್ಕೋಪಿ. ಹೊಕ್ಕಳ ಸುತ್ತ ಮೂರು ತೂತು ಮಾಡಿ, ಅನಿಲ ತುಂಬಿ, ಹೊಟ್ಟೆಯ ಒಳಪೊರೆಯನ್ನು ಸ್ನಾಯುವಿನಿಂದ ಬಿಡಿಸಿ, ಜಾರಿದ್ದನ್ನು ಒಳಗೆಳೆದು, ಕನಿಷ್ಠ 10 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಜಾಲರಿ ಹಾಸುತ್ತಾರೆ. ಕರುಳನ್ನು ಹೊರದೂಡಿದ ಹೊಟ್ಟೆಯ ಒತ್ತಡವೇ ಈಗ ಜಾಲರಿಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಈ ಉಪಾಯ ನನಗೆ ಬಹಳ ಹಿಡಿಸಿತು.

ಮನೆಯವರಿಗೆ ಮಾತ್ರ ಅದು ‘ಮೂರು ತೂತಿನ ಸಣ್ಣ ಆಪರೇಷನ್’. ತೂತು ಸಣ್ಣದು, ನಿಜ. ಆದರೆ ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳಿರುವ ಜಾಗಕ್ಕೆ ಸರ್ಜನ್‌ಗಳು ‘ಸಾವಿನ ತ್ರಿಕೋನ’ ಅಂತ ಹೆಸರಿಟ್ಟಿದ್ದಾರೆ, ಪಕ್ಕದ ನರಗಳ ಜಾಗಕ್ಕೆ ‘ನೋವಿನ ತ್ರಿಕೋನ’. ಅಲ್ಲಿ ಜಾಲರಿಗೆ ಮೊಳೆ ಹೊಡೆಯುವಂತಿಲ್ಲ. ಇದರಲ್ಲಿ ಕೈ ಪಳಗಲು ಐವತ್ತು, ನೂರು ಆಪರೇಷನ್ ಬೇಕಂತೆ. ಹೃದಯ ಸೋತ ಮುದುಕರಿಗೆ, ಪೂರ್ತಿ ಅರಿವಳಿಕೆ ತಡೆಯದವರಿಗೆ, ಜಾಗ ಮರಗಟ್ಟಿಸಿ ಮುಂದಿನಿಂದಲೇ ಜಾಲರಿ ಹಾಕುವ ಹಳೆಯ ಕೊಯ್ತವೇ ಇವತ್ತಿಗೂ ಒಳ್ಳೆಯದು.

ಒಪ್ಪಿಗೆ ಪತ್ರದಲ್ಲಿ ಒಂದು ಸಾಲಿತ್ತು: ಅಗತ್ಯ ಬಿದ್ದರೆ ತೆರೆದು ಮಾಡಲಾಗುವುದು. ಕಾಕಾರ ಮಗ ಅದನ್ನು ಓದಿ ಸಪ್ಪಗಾದ. ನನಗೆ ಆ ಹಾಳೆಯಲ್ಲಿ ಧೈರ್ಯ ಕೊಟ್ಟದ್ದು ಅದೊಂದೇ ಸಾಲು. ಕರುಳು ಅಂಟಿಕೊಂಡು ಬರದಿದ್ದಾಗ ಸಣ್ಣ ತೂತಿನ ಹಟ ಬಿಡಬಲ್ಲ ಸರ್ಜನ್‌ನನ್ನೇ ನಾನು ನಂಬುವುದು. ಕಾಕಾರ ಆಪರೇಷನ್ ದಿನ ಹಾಗೆ ಬಿಡುವ ಪ್ರಸಂಗ ಬರಲಿಲ್ಲ.

ಗಾಯಗಳೆಲ್ಲ ಹೊಕ್ಕಳ ಹತ್ತಿರವೇ ಆದದ್ದರಿಂದ ಇನ್ನೊಂದು ಅನುಕೂಲವಾಯಿತು. ಕಾಕಾ ಈಗ ಬಜಾರಿನಲ್ಲಿ ಕೇಳಿದವರಿಗೆಲ್ಲ ಅಂಗಿ ಎತ್ತಿ ತೋರಿಸುತ್ತಾರೆ, “ಹೊಟ್ಟ್ಯಾಗ ಹರಳು ಆಗಿದ್ವು, ತೆಗದ್ರು” ಅಂತ. ಕೇಳಿದವರಲ್ಲಿ ಅವರದೇ ಗುಂಪಿನ ಹಮಾಲಿಗಳೂ ಇದ್ದಾರೆ. ಅವರಲ್ಲಿ ಯಾರ ಲಂಗೋಟಿ ಯಾಕೆ ಬಿಗಿದಿದೆಯೋ, ಯಾರೂ ಯಾರನ್ನೂ ಕೇಳುವುದಿಲ್ಲ.