ಸತ್ಯ ಮತ್ತು ದಾಕ್ಷಿಣ್ಯ

ನಮ್ಮ ಭಾಷೆಯಲ್ಲಿ 'ಪ್ರಮಾಣ' ಎಂಬುದೊಂದು ಶಬ್ದವಿದೆ. ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಮಾಡುವುದೂ ಪ್ರಮಾಣ; ತರ್ಕಶಾಸ್ತ್ರದಲ್ಲಿ ಒಂದು ಮಾತನ್ನು ಸ್ಥಾಪಿಸಲು ಒದಗಿಸುವುದೂ ಪ್ರಮಾಣ; ಅಡಿಗೆಮನೆಯಲ್ಲಿ ಅಕ್ಕಿಗೆ ನೀರೆಷ್ಟು ಎಂಬುದೂ ಪ್ರಮಾಣವೇ. ಆಣೆ, ಸಾಕ್ಷ್ಯ, ಅಳತೆ ಈ ಮೂರೂ ಒಂದೇ ಶಬ್ದದಲ್ಲಿ ನೆಲೆಸಿವೆ. 'ಪ್ರಾಮಾಣಿಕ' ಎಂಬ ಮಾತು ಹುಟ್ಟಿದ್ದು ಇದರಿಂದಲೇ. ಹಾಗೆ ನೋಡಿದರೆ, ಆಣೆ ಹಾಕದೆಯೂ ಯಾವನ ಮಾತನ್ನು ನಂಬಬಹುದೋ, ಯಾವನ ಬಾಳೇ ಅವನ ಮಾತಿಗೆ ಸಾಕ್ಷಿಯೋ, ಯಾವನ ಅಳತೆ ಮನುಷ್ಯನಿಂದ ಮನುಷ್ಯನಿಗೆ ಬದಲಾಗುವುದಿಲ್ಲವೋ ಅವನು ಪ್ರಾಮಾಣಿಕ. ಸತ್ಯವೇದದ ಹಳೆಯ ಒಡಂಬಡಿಕೆಯಲ್ಲಿ ಇದೇ ಗುಣಕ್ಕೆ 'ತೋಮ್' ಎಂಬ ಹೀಬ್ರೂ ಶಬ್ದವಿದೆ. ಅದರ ಅರ್ಥ ಪೂರ್ಣತೆ, ಒಡಕಿಲ್ಲದಿರುವಿಕೆ. ಯೋಬನು ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಮೇಲೂ ಬಿಟ್ಟುಕೊಡಲು ಒಪ್ಪದೆ ಹಿಡಿದುಕೊಂಡದ್ದು ಇದೊಂದನ್ನೇ.

ಮುಂಬಯಿಯಲ್ಲಿ ಒಂದು ಸಣ್ಣ ಕನ್ನಡ ಕ್ರೈಸ್ತ ಸಭೆಯ ಪಾಲಕನಾಗಿ ಬಹಳ ವರ್ಷ ಕಳೆದವನು ನಾನು. ಈ ಪತ್ರಿಕೆಯ ವಾಚಕರಲ್ಲಿ ಹೆಚ್ಚಿನವರು ಬೇರೆ ಶ್ರದ್ಧೆಯವರೆಂಬುದನ್ನು ಬಲ್ಲೆ. ಆದರೆ ಇಲ್ಲಿ ಹೇಳಹೊರಟಿರುವ ತೊಡಕು ಯಾವ ಮತದವರನ್ನೂ ಬಿಟ್ಟದ್ದಲ್ಲ. ಆದ್ದರಿಂದ ನನಗೆ ಪರಿಚಯವಿರುವ ಗ್ರಂಥದಿಂದಲೂ, ನನ್ನ ದಿನನಿತ್ಯದ ಕೆಲಸದಿಂದಲೂ ಉದಾಹರಣೆಗಳನ್ನು ತೆಗೆದುಕೊಂಡರೆ ವಾಚಕರು ಅನ್ಯಥಾ ಭಾವಿಸಲಾರರೆಂದು ನಂಬಿದ್ದೇನೆ.

ಧರ್ಮೋಪದೇಶಕಾಂಡದಲ್ಲಿ ಒಂದು ಕಟ್ಟಳೆಯಿದೆ: ಚೀಲದಲ್ಲಿ ಎರಡು ತೂಕದ ಕಲ್ಲುಗಳಿರಬಾರದು, ಮನೆಯಲ್ಲಿ ಎರಡು ಅಳತೆಯ ಕೊಳಗಗಳಿರಬಾರದು. ಕ್ರಿಸ್ತಪೂರ್ವ 8ನೆಯ ಶತಮಾನದ ಪ್ರವಾದಿ ಆಮೋಸನು, ಕೊಳಗವನ್ನು ಕಿರಿದು ಮಾಡಿ ತೂಕದ ಕಲ್ಲನ್ನು ಹಿರಿದು ಮಾಡಿ ಬಡವರನ್ನು ಸುಲಿಯುತ್ತಿದ್ದ ವ್ಯಾಪಾರಿಗಳನ್ನು ಕಟುವಾಗಿ ಖಂಡಿಸಿದ್ದಾನೆ. ಇಡೀ ದೇಶಕ್ಕೆ ಒಂದೇ ತೂಕ, ಒಂದೇ ಅಳತೆ ಬರಲೆಂದು ನಮ್ಮ ಸರಕಾರ 1956ರಲ್ಲಿ ಕಾಯಿದೆ ಮಾಡಿತು. ಸೇರು ಪಾವುಗಳು ಹೋಗಿ ಕಿಲೋ ಲೀಟರುಗಳು ಬಂದವು. ಅಂಗಡಿಯ ತಕ್ಕಡಿಗೆ ಅಧಿಕಾರಿ ಮುದ್ರೆ ಒತ್ತುತ್ತಾನೆ. ಆದರೆ ಮನಸ್ಸಿನ ತಕ್ಕಡಿಗೆ ಮುದ್ರೆ ಒತ್ತುವವರು ಯಾರು? ನಮ್ಮ ಮಗ ಸುಳ್ಳು ಹೇಳಿದರೆ ಜಾಣತನ, ಪಕ್ಕದ ಮನೆಯವನ ಮಗ ಹೇಳಿದರೆ ಕೆಟ್ಟ ಸಂಸ್ಕಾರ ಎನ್ನುವಾಗ ನಮ್ಮ ಚೀಲದಲ್ಲಿಯೂ ಎರಡು ಕಲ್ಲುಗಳಿವೆಯೆಂದೇ ಅರ್ಥ.

ಪ್ರಾಮಾಣಿಕತೆಯ ಶತ್ರು ದುರಾಸೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ನಿಜವೇ. ಆದರೆ ದುರಾಸೆ ಗುರುತು ಸಿಗುವ ಶತ್ರು. ಅದು ಬಂದಾಗ ಮನಸ್ಸು ಒಳಗೊಳಗೇ ಎಚ್ಚರಗೊಳ್ಳುತ್ತದೆ. ಗುರುತು ಸಿಗದ ಇನ್ನೊಂದು ಶತ್ರುವಿದೆ. ಅದು ಸಜ್ಜನರ ಮನೆಗೆ ಸಜ್ಜನನಂತೆಯೇ ಬರುತ್ತದೆ. ಅದರ ಹೆಸರು ದಾಕ್ಷಿಣ್ಯ. ಹತ್ತು ರೂಪಾಯಿ ಲಂಚಕ್ಕೆ ಕೈಯೊಡ್ಡದ ಎಷ್ಟೋ ಜನ, ಊರಿನವನೊಬ್ಬ ಬಂದು ಕೈಮುಗಿದು ನಿಂತರೆ ಸುಳ್ಳು ಕಾಗದಕ್ಕೆ ಸಹಿ ಹಾಕಿಬಿಡುತ್ತಾರೆ. ಪರಸ್ಥಳದಲ್ಲಿರುವ ನಮ್ಮಂಥವರಿಗೆ ಈ ದಾಕ್ಷಿಣ್ಯದ ಕಾಟ ಇನ್ನೂ ಹೆಚ್ಚು. ಏಕೆಂದರೆ ಇಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿಯೇ ನಾವು ಬೇರೂರಿದ್ದೇವೆ. ಖೋಲಿ ಸಿಕ್ಕಿದ್ದು ಒಬ್ಬರ ಮಾತಿನಿಂದ, ನೌಕರಿ ಸಿಕ್ಕಿದ್ದು ಇನ್ನೊಬ್ಬರ ಚೀಟಿಯಿಂದ. ಹೀಗಿರುವಾಗ 'ಆಗುವುದಿಲ್ಲ' ಎನ್ನುವುದು ಉಪಕಾರ ಮರೆತಂತೆ ಕಾಣುತ್ತದೆ.

ಸಭಾಪಾಲಕನ ಕಪಾಟಿನಲ್ಲಿ ಸತ್ಯವೇದದ ಪಕ್ಕದಲ್ಲಿ ಇನ್ನೊಂದು ಪುಸ್ತಕವಿರುತ್ತದೆ: ದಾಖಲೆಯ ರಿಜಿಸ್ಟರು. ಮಕ್ಕಳ ದೀಕ್ಷಾಸ್ನಾನ, ಮದುವೆ, ಮರಣ ಎಲ್ಲವೂ ಅದರಲ್ಲಿ ತಾರೀಖುವಾರು ಬರೆದಿರುತ್ತವೆ. ಕ್ರೈಸ್ತರ ಮದುವೆಯ ದಾಖಲೆಗೆ 1872ರ ಕಾಯಿದೆಯ ಆಧಾರವೇ ಇದೆ. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದದ್ದು 1969ರಲ್ಲಿ. ಅದು ಎಲ್ಲ ಕಡೆಗೂ ಬೇರುಬಿಡಲು ಇನ್ನೂ ಬಹಳ ಕಾಲ ಹಿಡಿಯಿತು. ಆದ್ದರಿಂದ ನಮ್ಮ ಹಿರಿಯರಲ್ಲಿ ಅನೇಕರಿಗೆ ತಾವು ಎಂದು ಹುಟ್ಟಿದೆವೆಂಬುದಕ್ಕೆ ಈ ರಿಜಿಸ್ಟರಿನ ಒಂದು ಸಾಲಿನ ಹೊರತು ಬೇರೆ ಪುರಾವೆಯೇ ಇರಲಿಲ್ಲ. (2023ರ ತಿದ್ದುಪಡಿಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸರಕಾರದ ಜನನ ಪ್ರಮಾಣಪತ್ರವೇ ಆಧಾರ.)

ಮೂವತ್ತು ವರ್ಷಗಳಿಗೂ ಹಿಂದೆ ನಮ್ಮ ಸಭೆಯ ಒಬ್ಬ ಗೃಹಸ್ಥರು ನನ್ನಲ್ಲಿಗೆ ಬಂದರು. ದುಡಿದು ತಿನ್ನುವ ಮನುಷ್ಯ, ಸಭೆಯ ಕೆಲಸಕ್ಕೆಲ್ಲ ಮುಂದಾಗಿ ಬರುತ್ತಿದ್ದವರು. ಮಗಳನ್ನು ಶಾಲೆಗೆ ಸೇರಿಸಬೇಕಾಗಿತ್ತು. ಶಾಲೆ ಗೊತ್ತುಮಾಡಿದ್ದ ವಯಸ್ಸಿಗೆ ಹದಿನೇಳು ದಿನ ಕಡಿಮೆ ಬೀಳುತ್ತಿತ್ತು. ದೀಕ್ಷಾಸ್ನಾನದ ಪತ್ರದಲ್ಲಿ ಹುಟ್ಟಿದ ದಿನವನ್ನು ಹದಿನೇಳು ದಿನ ಹಿಂದಕ್ಕೆ ಹಾಕಿಕೊಟ್ಟರೆ ಸಾಕು. "ಅಯ್ಯನವರೇ, ಯಾರ ಗಂಟೂ ಹೋಗುವುದಿಲ್ಲ. ಹದಿನೇಳು ದಿನ ದೇವರ ಲೆಕ್ಕದಲ್ಲಿ ದೊಡ್ಡದೇ?" ಎಂದರು.

ಅವರು ಕೇಳಿದ್ದರಲ್ಲಿ ದುರಾಸೆಯ ಲವಲೇಶವೂ ಇರಲಿಲ್ಲ. ಮಗುವಿನ ಒಂದು ವರ್ಷ ಉಳಿಯಲಿ ಎಂಬ ತಂದೆಯ ಆತುರ ಮಾತ್ರ ಇತ್ತು. ರಿಜಿಸ್ಟರನ್ನು ತೆರೆದು ತೋರಿಸಿ, "ಇದನ್ನು ತಿದ್ದಲು ನನಗೆ ಅಧಿಕಾರವಿಲ್ಲ, ಆದರೆ ನಿಮ್ಮ ಜೊತೆ ಶಾಲೆಗೆ ಬರುತ್ತೇನೆ, ಇದ್ದದ್ದನ್ನು ಇದ್ದಂತೆ ಹೇಳಿ ಕೇಳೋಣ" ಎಂದೆ. ಹೋದೆವು. ಮುಖ್ಯೋಪಾಧ್ಯಾಯಿನಿ ಸೌಜನ್ಯದಿಂದಲೇ ಮಾತಾಡಿದರು. ನಿಯಮ ನಿಯಮವೇ ಎಂದರು. ಮಗು ಒಂದು ವರ್ಷ ಕಾಯಬೇಕಾಯಿತು. ಆ ಕುಟುಂಬ ಬೇರೆ ಸಭೆಗೆ ಹೋಗತೊಡಗಿತು. ರಸ್ತೆಯಲ್ಲಿ ಎದುರಾದರೆ ಆ ಗೃಹಸ್ಥರು ನಮಸ್ಕಾರ ಮಾಡುತ್ತಿದ್ದರು, ನಿಲ್ಲುತ್ತಿರಲಿಲ್ಲ. ಸತ್ಯ ಹೇಳಿದರೆ ಎಲ್ಲವೂ ಕೊನೆಗೆ ಸುಖಾಂತವಾಗುತ್ತದೆ ಎಂದು ಮಕ್ಕಳ ಪುಸ್ತಕದಲ್ಲಿ ಬರೆಯುತ್ತಾರೆ. ಪುಣ್ಯಕೋಟಿಯ ಕಥೆಯಲ್ಲಿ ಹುಲಿಯ ಮನಸ್ಸೇ ಕರಗಿತು. ಬಾಳಿನಲ್ಲಿ ಎಲ್ಲ ಹುಲಿಗಳೂ ಹಾಗಲ್ಲ. ಆದರೂ ಪುಣ್ಯಕೋಟಿಯ ದೊಡ್ಡತನವಿರುವುದು ಹುಲಿ ಬಿಟ್ಟುಬಿಟ್ಟಿತೆಂಬುದರಲ್ಲಿ ಅಲ್ಲ. ಬಿಡುವುದೆಂಬ ಭರವಸೆಯಿಲ್ಲದೆಯೇ ಅದು ಗುಹೆಗೆ ಮರಳಿ ಬಂತೆಂಬುದರಲ್ಲಿ.

ಕೆಲವು ವರ್ಷಗಳ ತರುವಾಯ ಸಭೆಯ ಒಬ್ಬ ವಯಸ್ಸಾದ ವಿಧವೆಗೆ ಗಂಡನ ಪಿಂಚಣಿ ಸಿಗುವುದರಲ್ಲಿ ತೊಡಕಾಯಿತು. ಮದುವೆಯಾದದ್ದಕ್ಕೆ ಅವರ ಬಳಿ ಯಾವ ಕಾಗದವೂ ಉಳಿದಿರಲಿಲ್ಲ; ಮಳೆಗಾಲದ ನೀರು ನುಗ್ಗಿ ಪೆಟ್ಟಿಗೆಯೇ ಹಾಳಾಗಿತ್ತು. ನಮ್ಮ ರಿಜಿಸ್ಟರನ್ನು ಕಚೇರಿಗೆ ಕೊಂಡೊಯ್ದೆ. ಅಧಿಕಾರಿಯು ಆಕೆಯ ಮದುವೆಯ ಸಾಲನ್ನು ಓದಿದ ಮೇಲೆ ಪುಸ್ತಕವನ್ನು ಮುಚ್ಚಲಿಲ್ಲ. ಹಿಂದಿನ ಪುಟಗಳನ್ನೂ ಮುಂದಿನ ಪುಟಗಳನ್ನೂ ಒಂದೊಂದಾಗಿ ತಿರುವಿ ನೋಡಿದರು. ಏನು ಹುಡುಕುತ್ತಿದ್ದಾರೆಂದು ಮೊದಲು ನನಗೆ ಹೊಳೆಯಲಿಲ್ಲ. ಎಲ್ಲಿಯಾದರೂ ಅಳಿಸಿದ, ತಿದ್ದಿದ ಗುರುತು ಇದೆಯೇ ಎಂದು ನೋಡುತ್ತಿದ್ದರು. ಇರಲಿಲ್ಲ. ಆಕೆಯ ಅರ್ಜಿ ಒಪ್ಪಿಗೆಯಾಯಿತು.

ಆ ತಾಯಿಗೆ ಅನ್ನ ಕೊಟ್ಟದ್ದು ಆಕೆಯ ಪುಟ ಒಂದೇ ಅಲ್ಲ, ಬೇರೆಯವರ ಪುಟಗಳು. ಯಾರಿಗೂ ದಾಕ್ಷಿಣ್ಯ ಮಾಡಿ ತಿದ್ದಿಲ್ಲವೆಂಬ ಕಾರಣದಿಂದಲೇ ಆಕೆಯ ಸಾಲಿಗೆ ಬೆಲೆ ಬಂತು. ಒಬ್ಬನ ಮೇಲಿನ ಕರುಣೆಯಿಂದ ಒಂದು ದಾಖಲೆಯನ್ನು ತಿದ್ದಿದರೆ, ಆ ಪುಸ್ತಕವನ್ನೇ ನಂಬಿಕೊಂಡಿರುವ ನೂರಾರು ಮಂದಿಯ ಆಸರೆಯನ್ನು ಅವರಿಗೆ ತಿಳಿಯದಂತೆ ಕಿತ್ತುಕೊಂಡಂತಾಗುತ್ತದೆ. ಹಣವಂತನಿಗೆ ಹತ್ತು ಬಗೆಯ ಪುರಾವೆ ಸಿಕ್ಕೀತು. ಬಡವನಿಗೆ ಉಳಿದಿರುವುದು ಇಂಥದೊಂದು ಸಾಲು, ಯಾರದೋ ಒಂದು ಮಾತು. ದಾಕ್ಷಿಣ್ಯ ಕಣ್ಣೆದುರಿಗೆ ನಿಂತವನನ್ನು ಮಾತ್ರ ಕಾಣುತ್ತದೆ. ಸತ್ಯ ಕಣ್ಣಿಗೆ ಕಾಣದವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದ್ದರಿಂದ ಸತ್ಯಕ್ಕೆ ಕರುಣೆಯಿಲ್ಲವೆನ್ನುವುದು ಸರಿಯಲ್ಲ. ಅದರ ಕರುಣೆ ಕೊಂಚ ದೂರದವರೆಗೂ ಹೋಗುತ್ತದೆ, ಅಷ್ಟೆ.

ಹಾಗಾದರೆ ಯಾವ ಸಂದರ್ಭದಲ್ಲಿಯೂ ಸುಳ್ಳು ಸಲ್ಲದೇ? ಇದು ಹಳೆಯ ಪ್ರಶ್ನೆ. ಸಂತ ಆಗಸ್ಟೀನನು ಎಂಥ ಸುಳ್ಳೂ ಸಲ್ಲದೆಂದನು. ಜರ್ಮನ್ ತತ್ತ್ವಜ್ಞಾನಿ ಕಾಂಟ್ 1797ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಮನೆಯಲ್ಲಿ ಅಡಗಿರುವ ಗೆಳೆಯನನ್ನು ಹುಡುಕಿಕೊಂಡು ಕೊಲೆಗಾರನೇ ಬಾಗಿಲಿಗೆ ಬಂದರೂ ಸುಳ್ಳಾಡಲು ಹಕ್ಕಿಲ್ಲವೆಂದು ವಾದಿಸಿದನು. ಹಿಟ್ಲರನ ಆಡಳಿತವನ್ನು ಎದುರಿಸಿ 1943ರಲ್ಲಿ ಸೆರೆಯಾಗಿ, 1945ರ ಏಪ್ರಿಲ್ 9ರಂದು ಗಲ್ಲಿಗೇರಿದ ಜರ್ಮನಿಯ ಪಾದ್ರಿ ಡೀಟ್ರಿಶ್ ಬೊನ್‌ಹೋಫರ್ ಈ ವಿಷಯವನ್ನು ಬೇರೆ ರೀತಿಯಾಗಿ ನೋಡಿದನು. ಅವನು ಕೊಟ್ಟ ಉದಾಹರಣೆ ಹೀಗಿದೆ: ಉಪಾಧ್ಯಾಯನೊಬ್ಬ ತರಗತಿಯ ಎಲ್ಲರೆದುರಿಗೆ ಒಂದು ಮಗುವನ್ನು, ನಿನ್ನ ತಂದೆ ಕುಡಿದು ಮನೆಗೆ ಬರುವುದು ನಿಜವೇ ಎಂದು ಕೇಳುತ್ತಾನೆ. ನಿಜವಾಗಿದ್ದರೂ ಮಗು ಇಲ್ಲವೆನ್ನುತ್ತದೆ. ಮಗು ಹೇಳಿದ್ದು ಸುಳ್ಳು ಎನ್ನಬಹುದಾದರೂ, ಆ ಸುಳ್ಳಿನಲ್ಲಿಯೇ ಹೆಚ್ಚು ಸತ್ಯವಿದೆ ಎಂದು ಬೊನ್‌ಹೋಫರ್ ಹೇಳುತ್ತಾನೆ. ಕೇಳುವ ಹಕ್ಕಿಲ್ಲದ ಕಡೆಯಲ್ಲಿ ಉಪಾಧ್ಯಾಯ ಕೇಳಿದ. ತನ್ನ ಮನೆಯ ಮಾನವನ್ನು ಮಗು ತನಗೆ ತಿಳಿದ ಮಟ್ಟಿಗೆ ಕಾಪಾಡಿತು.

ಈ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಒಂದು ಎಚ್ಚರಿಕೆ ಬೇಕು. ನಾವೆಲ್ಲರೂ ನಮ್ಮ ನಮ್ಮ ಸುಳ್ಳಿನ ಸಮಯಕ್ಕೆ ಆ ಮಗುವಿನ ಜಾಗದಲ್ಲಿ ಹೋಗಿ ನಿಲ್ಲಲು ಹವಣಿಸುತ್ತೇವೆ. ವಾಸ್ತವದಲ್ಲಿ ಇಲ್ಲದ ಮನೆಬಾಡಿಗೆಯ ರಸೀದಿ ಬರೆಸಿಕೊಳ್ಳುವವನು, ಹೋಗದ ಪ್ರವಾಸದ ಬಿಲ್ಲು ಕಚೇರಿಗೆ ಕೊಡುವವನು, ಇವರೂ 'ಮನೆಯವರಿಗಾಗಿ' ಎಂದೇ ಹೇಳಿಕೊಳ್ಳುತ್ತಾರೆ. ವ್ಯತ್ಯಾಸವನ್ನು ಕಂಡುಕೊಳ್ಳಲು ನನಗೆ ಎರಡು ಪ್ರಶ್ನೆಗಳು ಉಪಯೋಗಕ್ಕೆ ಬಂದಿವೆ. ಈ ಸುಳ್ಳಿನಿಂದ ಲಾಭ ನನಗೋ, ಅಥವಾ ನನಗಿಂತ ದುರ್ಬಲನಾದವನ ರಕ್ಷಣೆಗೋ? ಮುಂದೊಂದು ದಿನ, ನಾನು ಯಾರಿಗೆ ಸುಳ್ಳು ಹೇಳಿದೆನೋ ಅವರ ಎದುರಿಗೇ ಎಲ್ಲವನ್ನೂ ವಿವರಿಸಲು ನನಗೆ ಧೈರ್ಯವಾದೀತೇ? ಈ ಎರಡನ್ನೂ ದಾಟಿ ಉಳಿಯುವ ಸುಳ್ಳು ನೂರಕ್ಕೆ ಒಂದೂ ಸಿಕ್ಕಲಾರದು.

ಯೇಸುಸ್ವಾಮಿ ಪಾಪಿಗಳೆನಿಸಿದವರ ಜೊತೆ ಕುಳಿತು ಊಟಮಾಡಿದರು. ಅವರು ಅತ್ಯಂತ ಕಠೋರವಾಗಿ ಮಾತಾಡಿದ್ದು ಕಪಟಿಗಳನ್ನು ಕುರಿತು. ಕಪಟಿ ಎಂಬುದಕ್ಕೆ ಸುವಾರ್ತೆಗಳಲ್ಲಿರುವ ಗ್ರೀಕ್ ಶಬ್ದಕ್ಕೆ ನಾಟಕದ ನಟ ಎಂಬ ಅರ್ಥವಿತ್ತು. ಹಾಗೆಂದು ನಟನೆ ಕಪಟವಲ್ಲ. ನಮ್ಮ ಯಕ್ಷಗಾನದ ಕಲಾವಿದ ರಾತ್ರಿಯೆಲ್ಲ ರಾವಣನಾಗಿ ಅಬ್ಬರಿಸಿದರೂ ಯಾರನ್ನೂ ವಂಚಿಸುವುದಿಲ್ಲ. ಅದು ವೇಷವೆಂದು ನೋಡುವವರಿಗೂ ಗೊತ್ತು, ಅವನಿಗೂ ಗೊತ್ತು. ಬೆಳಗಾದರೆ ಚೌಕಿಯಲ್ಲಿ ಬಣ್ಣ ತೆಗೆಯುತ್ತಾನೆ. ಬಣ್ಣ ತೆಗೆಯುವುದನ್ನೇ ಮರೆತವನು ಕಪಟಿ. ಈ ಅಪಾಯ ಬೋಧಕರಿಗೆ ಎಲ್ಲರಿಗಿಂತ ಹೆಚ್ಚು. 'ನಿಮಗಾಗಿ ಪ್ರಾರ್ಥಿಸುತ್ತೇನೆ' ಎಂಬ ಮಾತು ನಮ್ಮ ವೃತ್ತಿಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆಂದರೆ, ಹೇಳಿದವನು ಮನೆ ಮುಟ್ಟುವುದರೊಳಗೆ ಹೆಸರನ್ನೇ ಮರೆತಿರಬಹುದು. ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಭಕ್ತಿಗಿಂತ ಹೆಚ್ಚಾಗಿ ಪ್ರಾಮಾಣಿಕತೆಯ ಕೆಲಸ.

ಊರಿನಲ್ಲಿ ನಮ್ಮನ್ನು ಕಾಯುವ ಕಣ್ಣುಗಳಿದ್ದವು. ಇಂಥವರ ಮಗ, ಇಂಥವರ ಸೊಸೆ ಎಂಬ ಹೆಸರೇ ಅರ್ಧ ದಾರಿಗೆ ಬೇಲಿಯಾಗುತ್ತಿತ್ತು. ಮಹಾನಗರದಲ್ಲಿ ಆ ಕಣ್ಣುಗಳಿಲ್ಲ. ಲೋಕಲ್ ಗಾಡಿಯಲ್ಲಿ ಪಕ್ಕದಲ್ಲಿ ನಿಂತವನಿಗೆ ನಾವು ಯಾರೆಂದೇ ತಿಳಿಯದು. ಹೀಗಾಗಿ ನಮ್ಮ ನಡತೆಯಲ್ಲಿ ಭಯದ ಪಾಲೆಷ್ಟು, ಸತ್ಯದ ಪಾಲೆಷ್ಟು ಎಂಬುದು ಹೊರಬೀಳುವುದು ಇಲ್ಲಿಯೇ. ಆದರೆ ಇಲ್ಲಿಯೂ ಎರಡು ಕಣ್ಣುಗಳು ಉಳಿದಿವೆ: ಮನೆಯ ಮಕ್ಕಳವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಲ್ಲಿಯ ಹಂಚನ್ನು ಮಗುಚಿ ನೋಡಿದರೆ ಒಳಮೈಯಲ್ಲಿ ಮಾಡಿದವರ ಹೆಸರಿರುತ್ತದೆ. ಬೀದಿಯಲ್ಲಿ ಹೋಗುವವನಿಗೆ ಅದು ಕಾಣಿಸದು. ನಮ್ಮ ಒಳಮೈಯನ್ನು ಓದುವವರೂ ಮನೆಯೊಳಗಿನವರೇ. ಬಾಡಿಗೆ ಕೇಳಲು ಬಂದವರಿಗೆ 'ಅಪ್ಪ ಇಲ್ಲವೆನ್ನು' ಎಂದು ಮಗುವಿಗೆ ಕಲಿಸಿದ ಮೇಲೆ, ಭಾನುವಾರದ ಬೋಧನೆಯಾಗಲಿ ಸಂಜೆಯ ಭಜನೆಯಾಗಲಿ ಅದನ್ನು ಅಳಿಸಿಹಾಕಲಾರದು.

ಲೂಕನ ಸುವಾರ್ತೆಯಲ್ಲಿ ಜಕ್ಕಾಯನೆಂಬ ಸುಂಕದವನ ಕಥೆಯಿದೆ. ಜನರನ್ನು ಹಿಂಡಿ ಐಶ್ವರ್ಯವಂತನಾದವನು. ಯೇಸು ಅವನಿಗೆ ಉಪದೇಶ ಮಾಡಿದ್ದು ಅಲ್ಲಿ ಕಾಣುವುದಿಲ್ಲ. ನಿನ್ನ ಮನೆಗೆ ಬರುತ್ತೇನೆಂದರು, ಅಷ್ಟೇ. ಜಕ್ಕಾಯನು ಎದ್ದುನಿಂತು, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುವುದಾಗಿಯೂ ಹೇಳಿದನು. ಅವನು ಕಣ್ಣೀರು ಸುರಿಸಿದನೆಂದು ಬರೆದಿಲ್ಲ. ಲೆಕ್ಕ ಹೇಳಿದನೆಂದು ಬರೆದಿದೆ. ಪಶ್ಚಾತ್ತಾಪವೆಂಬುದು ಬರಿಯ ಭಾವನೆಯಲ್ಲ, ಅದಕ್ಕೊಂದು ಖಾತೆಪುಸ್ತಕ ಇರುತ್ತದೆ ಎಂಬುದು ಈ ಕಥೆಯಿಂದ ನಾನು ತಿಳಿದುಕೊಂಡದ್ದು. ಯಾವ ಶ್ರದ್ಧೆಯವರಾದರೂ ಸರಿ, ಈ ತಿಂಗಳು ಯಾರಿಗೆ ಏನನ್ನು ಹಿಂದಕ್ಕೆ ಕೊಡಬೇಕಾಗಿದೆ ಎಂದು ಒಂದು ಕಾಗದದ ಮೇಲೆ ಬರೆದು ನೋಡಬಹುದು. ಎರವಲು ತಂದ ಪುಸ್ತಕ, ಕೊಡುವೆನೆಂದ ಹಣ, ಬರುವೆನೆಂದು ಹೇಳಿ ಹೋಗದ ಒಂದು ಮನೆ. ದೊಡ್ಡ ಪ್ರತಿಜ್ಞೆಗಳಿಗಿಂತ ಈ ಸಣ್ಣ ಪಟ್ಟಿಯಿಂದ ಆರಂಭಿಸುವುದೇ ಮೇಲೆಂದು ನನಗೆ ತೋರುತ್ತದೆ.